ಮುಗಿಲು ಅಂದ್ರ ಮೋಡೋ, ಆಕಾಶವೋ?

ಚಿತ್ತಾಪುರ ತಾಲ್ಲೂಕಿನ ಒಂದು ಹೈಸ್ಕೂಲಿನ ಗೇಟಿನ ಹೊರಗೆ ಹುಡುಗರು ಪ್ರಶ್ನೆಪತ್ರಿಕೆ ಹಿಡಿದು ಜಗಳಕ್ಕೆ ನಿಂತಿದ್ದರು. ಕನ್ನಡದ ಪೂರ್ವಸಿದ್ಧತಾ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಜಗಳ ಒಂದು ಅಂಕದ್ದು. ‘ಮುಗಿಲು’ ಪದದ ಅರ್ಥ ಆರಿಸಿ ಬರೆಯಬೇಕಿತ್ತು. ಕೊಟ್ಟ ನಾಲ್ಕು ಆಯ್ಕೆಗಳಲ್ಲಿ ಮೋಡವೂ ಇತ್ತು, ಆಕಾಶವೂ ಇತ್ತು.

“ನಾ ಆಕಾಶ ಹಾಕೀನಿ.”

“ತಪ್ಪದಲೇ ಅದು. ಮೋಡ ಅದ. ಗೈಡಿನ್ಯಾಗ ಬರದಾರ ನೋಡು.”

“ಗೈಡಿನ್ಯಾಗ ಇರ್ಲಿ. ನಮ್ಮಾಯಿ ‘ಮುಗಿಲಾಗ ಒಂದ್ ಮ್ವಾಡ ಸೈತ ಇಲ್ಲ’ ಅಂತಾಳ. ಮುಗಿಲಂದ್ರ ಮ್ವಾಡ ಆದ್ರ, ಮ್ವಾಡದಾಗ ಮ್ವಾಡ ಇಲ್ಲ ಅಂದಂಗ ಆತಲ್ಲ?”

ಪಕ್ಕದಲ್ಲಿ ನಿಂತಿದ್ದ ಹುಡುಗಿಯೊಬ್ಬಳು ಕೇಳಿದಳು: “ಪೇಪರಿನ್ಯಾಗ ‘ಆಕ್ರಂದನ ಮುಗಿಲು ಮುಟ್ಟಿತ್ತು’ ಅಂತ ಬರೀತಾರಲ್ಲ, ಅದು ಎಲ್ಲಿಗಿ ಮುಟ್ಟತದ?” ನಮಗೆ ನಗು ಬಂತು. ವರದಿಗಳಲ್ಲಿ ಆ ವಾಕ್ಯವನ್ನು ಬರೆಯುವವರು ನಾವೇ.

ಬಸ್ಸು ಬಂತು, ಜಗಳ ತೀರ್ಮಾನವಾಗದೆ ನಿಂತಿತು. ಆದರೆ ಆ ಹತ್ತು ನಿಮಿಷದಲ್ಲಿ ಆ ಮಕ್ಕಳು ಮಾಡಿದ್ದೇನೆಂದು ಯೋಚಿಸಿ. ಒಂದು ಪದಕ್ಕೆ ಮನೆಯ ಮಾತಿನಿಂದ ಒಂದು ಸಾಕ್ಷಿ ತಂದರು, ಪತ್ರಿಕೆಯಿಂದ ಇನ್ನೊಂದು. ಒಂದು ಅರ್ಥವನ್ನು ವಾಕ್ಯದಲ್ಲಿಟ್ಟು ಪರೀಕ್ಷಿಸಿದರು, ಹೊಂದದಿದ್ದಾಗ ಯಾಕೆಂದು ಕೇಳಿದರು. ನಿಘಂಟು ಮಾಡುವವರ ಕೆಲಸವೂ ಇದೇ. ಹಳಗನ್ನಡದಲ್ಲಿ ಮುಗಿಲ್ ಅಂದರೆ ಮೋಡ, ತಮಿಳಿನಲ್ಲೂ ಹಾಗೆಯೇ. ನಮ್ಮ ಕಡೆಯ ಆಡುಮಾತಿನಲ್ಲಿ ಮುಗಿಲು ಅಂದರೆ ಆಕಾಶ. ಗೈಡು ಹಿಡಿದವನೂ ಸರಿ, ಆಯಿಯ ಮೊಮ್ಮಗನೂ ಸರಿ. ಇದನ್ನು ಅವರಿಗೆ ಹೇಳಲು ಐದು ನಿಮಿಷ ಸಾಕಾಗಿತ್ತು. ಆದರೆ ಮರುದಿನ ಬೇರೆ ವಿಷಯದ ಪರೀಕ್ಷೆ. ಕನ್ನಡದ ಉತ್ತರಪತ್ರಿಕೆ ಕೈಗೆ ಬರುವ ಹೊತ್ತಿಗೆ ಅದರ ಮೇಲೆ ಒಂದು ಅಂಕಿ ಮಾತ್ರ ಇರುತ್ತದೆ, ಮಕ್ಕಳೂ ಆ ಅಂಕಿಯನ್ನೇ ನೋಡುತ್ತಾರೆ.

ಅದು ಕೈಗೆ ಬಂದರೆ ಅದೇ ಪುಣ್ಯ. 2024ರ ಮಾರ್ಚ್ 11ರಂದು ರಾಜ್ಯದಲ್ಲಿ 5, 8 ಮತ್ತು 9ನೇ ತರಗತಿಯವರಿಗೆ ಬೋರ್ಡ್ ಮಟ್ಟದ ಪರೀಕ್ಷೆ ಶುರುವಾಯಿತು. ಸುಪ್ರೀಂ ಕೋರ್ಟಿನ ಆದೇಶ ಬಂದು ಅದು ನಡುವೆಯೇ ನಿಂತಿತು. ಹೈಕೋರ್ಟ್ ಒಪ್ಪಿದ ಮೇಲೆ ಉಳಿದ ಪತ್ರಿಕೆಗಳು ಮಾರ್ಚ್ 25ರಿಂದ ನಡೆದವು. ಏಪ್ರಿಲ್ 8ರಂದು ಫಲಿತಾಂಶಕ್ಕೆ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಶಿಕ್ಷಣ ಹಕ್ಕು ಕಾಯ್ದೆ ಎಂಟನೇ ತರಗತಿವರೆಗೆ ಬೋರ್ಡ್ ಪರೀಕ್ಷೆ ಪಾಸಾಗಲೇಬೇಕು ಎನ್ನುವುದಿಲ್ಲ, ಆ ಕಾಯ್ದೆಯ ತಕರಾರು ನ್ಯಾಯಾಲಯಕ್ಕೆ ಬಿಟ್ಟದ್ದು. ನಮ್ಮ ಪ್ರಶ್ನೆ ಅದಕ್ಕಿಂತ ಸಣ್ಣದು. ಹತ್ತು ವರ್ಷದ ಮಗು ಕೂತು ಬರೆದ ಉತ್ತರಗಳಲ್ಲಿ ಯಾವುದು ಸರಿ, ಯಾವುದು ತಪ್ಪು ಅಂತ ಆ ಮಗುವಿಗೆ ಯಾರು ಹೇಳಬೇಕಿತ್ತು? ಆ ವರ್ಷ ಮಕ್ಕಳಿಗೆ ಸಿಕ್ಕ ಮೌಲ್ಯಮಾಪನ ಗೇಟಿನ ಹೊರಗೆ ಗೆಳೆಯರು ಮಾಡಿದ್ದು ಮಾತ್ರ.

ಅದೇ ವರ್ಷ ಡಿಸೆಂಬರ್ 4ರಂದು ದೇಶದಾದ್ಯಂತ ‘ಪರಖ್’ ರಾಷ್ಟ್ರೀಯ ಸರ್ವೇಕ್ಷಣೆ ನಡೆಯಿತು. 3, 6 ಮತ್ತು 9ನೇ ತರಗತಿಯ 21 ಲಕ್ಷಕ್ಕೂ ಹೆಚ್ಚು ಮಕ್ಕಳು ಬರೆದರು. ಓದಿ ಅರ್ಥ ಮಾಡಿಕೊಳ್ಳುವುದು ಅದರಲ್ಲಿ ಮುಖ್ಯ ಭಾಗ. ಅದು ಜಿಲ್ಲೆ, ರಾಜ್ಯಗಳ ಕಲಿಕೆ ಅಳೆಯುವ ಸಮೀಕ್ಷೆ, ಮಗುವಿಗೆ ಅಂಕ ಕೊಡುವ ಪರೀಕ್ಷೆಯಲ್ಲ. ವರದಿಯೂ ಜಿಲ್ಲೆಯ ಹೆಸರಿನಲ್ಲೇ ಬರುತ್ತದೆ. ಅದು ಬೇಕು. ಆದರೆ ಜ್ವರ ನೋಡಿದವರು ಮಗುವಿಗೆ ಔಷಧಿ ಕೊಡುವವರನ್ನೂ ಕಳಿಸಬೇಕಲ್ಲ.

ಹತ್ತನೇ ತರಗತಿಯಲ್ಲಿ ಸ್ಥಿತಿ ಸ್ವಲ್ಪ ಸುಧಾರಿಸಿದೆ. ಪರೀಕ್ಷಾ ಮಂಡಳಿ ಕೀ ಉತ್ತರಗಳನ್ನು ಜಾಲತಾಣದಲ್ಲಿ ಹಾಕುತ್ತದೆ, ಆಕ್ಷೇಪಣೆಗೆ ಅವಕಾಶವಿದೆ, ಹಣ ಕಟ್ಟಿದರೆ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿಯೂ ಸಿಗುತ್ತದೆ. ಒಳ್ಳೆಯ ಪದ್ಧತಿ. ಆದರೆ ನಮ್ಮ ಹುಡುಗರು ಆ ಕೀ ಉತ್ತರವನ್ನು ಮೊಬೈಲಿನಲ್ಲಿ ತೆರೆದು ಟಿಕ್ ಹಾಕಿ ಕೂಡಿಸುತ್ತಾರೆ, ಪಾಸಾದೆನೋ ಇಲ್ಲವೋ ನೋಡಿ ಮುಚ್ಚುತ್ತಾರೆ. 2025ರ ಮೊದಲ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ. 91.12ರೊಂದಿಗೆ ಮೊದಲು ಬಂತು. ಕಲಬುರಗಿ ಶೇ. 42.43ರೊಂದಿಗೆ ಕೊನೆಗೆ ನಿಂತಿತು. ‘ಕಲಬುರಗಿ ಕೊನೆ’ ಅಂತ ಶೀರ್ಷಿಕೆ ಕೊಟ್ಟವರಲ್ಲಿ ನಾವೂ ಇದ್ದೇವೆ. ಯಾವ ಪ್ರಶ್ನೆಯಲ್ಲಿ ನಮ್ಮ ಮಕ್ಕಳು ಎಡವಿದರು, ಯಾಕೆ ಎಡವಿದರು ಅಂತ ಕೇಳಿದವರು ಕಡಿಮೆ.

ಕೇಳಿದರೆ ತಿಳಿಯುವುದು ಬಹಳಿದೆ. ‘ರಾಶಿ’ ಎಂದರೆ ಗುಡ್ಡೆ ಅನ್ನುತ್ತದೆ ಪುಸ್ತಕ. ಸೇಡಂ ಕಡೆಯ ಮಗುವಿಗೆ ರಾಶಿ ಅಂದರೆ ತೊಗರಿ ಬಡಿದು ಕಾಳು ಮಾಡುವ ಕೆಲಸ, ಅಪ್ಪ ಅವ್ವ ಹೊಲ ಬಿಟ್ಟು ಬಾರದ ದಿನಗಳು. ನಾಟಿ, ಗದ್ದೆ ಅಂತ ಗದ್ಯಭಾಗ ಬಂದರೆ ನಮ್ಮ ಒಣ ಬೇಸಾಯದ ಮಕ್ಕಳು ಊಹೆ ಮಾಡಬೇಕು. ಶಹಾಬಾದಿನ ಮಗುವಿಗೆ ಫರ್ಸಿ ಕಲ್ಲಿನ ಹತ್ತು ಮಾತು ಗೊತ್ತು, ಮನೆಯಲ್ಲಿ ಉರ್ದು. ವಾಡಿಯ ರೈಲ್ವೆ ಕ್ವಾರ್ಟರ್ಸ್ ಮತ್ತು ಸಿಮೆಂಟ್ ಕಾರ್ಖಾನೆಯ ಓಣಿಗಳಲ್ಲಿ ಹಿಂದಿ, ತೆಲುಗು, ಮರಾಠಿ ಎಲ್ಲವೂ ಕೇಳುತ್ತವೆ. ಚಿಂಚೋಳಿಯ ತಾಂಡಾದಲ್ಲಿ ಮಗು ಶಾಲೆಗೆ ಬರುವ ತನಕ ಆಡುವುದು ಲಂಬಾಣಿ. ಈ ಮಕ್ಕಳಿಗೆ ಪದ ಗೊತ್ತಿಲ್ಲ ಅಂತಲ್ಲ. ಅವರಿಗೆ ಗೊತ್ತಿರುವ ಪದಕ್ಕೂ ಪತ್ರಿಕೆ ಕೇಳುವ ಪದಕ್ಕೂ ನಡುವೆ ಯಾರಾದರೂ ಕೂತು ದಾರಿ ತೋರಿಸಬೇಕು.

ಇದು ಹೊಸ ಸಮಸ್ಯೆಯೂ ಅಲ್ಲ. ಸೇಡಂ ತಾಲ್ಲೂಕಿನ ಮಳಖೇಡ ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ 9ನೇ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ಕನ್ನಡದ ಒಳನುಡಿಗಳು ಲೆಕ್ಕಕ್ಕೆ ಸಿಗದಷ್ಟಿವೆ ಎನ್ನುತ್ತದೆ. ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಅದು ಹೇಳುವ ಊರುಗಳು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದ. ರಾಜಧಾನಿ ಮಳಖೇಡ ಆ ಪಟ್ಟಿಯಲ್ಲಿಲ್ಲ. ‘ಸರಿಯಾದ ಕನ್ನಡ’ ಬೇರೆ ಊರಲ್ಲಿದೆ ಅನ್ನುವ ಮಾತು ನಮಗೆ ಅಂದಿನಿಂದಲೂ ಪರಿಚಿತ.

ನಾವು ಮಾತಾಡಿಸಿದ ಒಬ್ಬ ಮೇಷ್ಟ್ರು ತಕ್ಷಣ ಕೇಳಿದರು: “ಹಂಗಂತ ಊರಿಗೊಂದು ಉತ್ತರ ಒಪ್ಪಿಕೊಂಡ್ರ ಮೌಲ್ಯಮಾಪನ ಹ್ಯಾಂಗ ಮಾಡಬೇಕ್ರಿ?” ಅವರ ಮಾತು ನ್ಯಾಯವಾದದ್ದು. ಈ ಮಕ್ಕಳೇ ನಾಳೆ ನೌಕರಿಯ ಪರೀಕ್ಷೆಗೆ ಬೆಂಗಳೂರು, ಮಂಗಳೂರಿನವರ ಜೊತೆ ಕೂರಬೇಕು. ಶಿಷ್ಟ ಕನ್ನಡ ಅವರಿಗೆ ಬರಲೇಬೇಕು. ಹಿಂದುಳಿದವರು ಅಂತ ಅಂಕ ದಾನ ಮಾಡಿರೆಂದು ನಾವು ಕೇಳುತ್ತಿಲ್ಲ. ಅದು ಮಕ್ಕಳಿಗೆ ಮಾಡುವ ಇನ್ನೊಂದು ಅವಮಾನ.

ನಾವು ಕೇಳುವುದು ಇಷ್ಟೇ. ಒಂದು, ಶಾಲೆಯಲ್ಲೇ ತಿದ್ದುವ ಪ್ರತಿ ಕನ್ನಡ ಪರೀಕ್ಷೆಯ ಉತ್ತರಪತ್ರಿಕೆ ವಾರದೊಳಗೆ ಮಗುವಿನ ಕೈಗೆ ಬರಲಿ. ಎರಡು, ಆ ದಿನ ಒಂದು ಪಿರಿಯಡ್ ಹೊಸ ಪಾಠ ಬೇಡ. ಮಕ್ಕಳು ಇಬ್ಬಿಬ್ಬರಾಗಿ ಉತ್ತರ ತಾಳೆ ನೋಡಲಿ, ‘ನೀ ಯಾಕ ಇದನ್ನ ಬರದಿ’ ಅಂತ ಕೇಳಲಿ, ಮೇಷ್ಟ್ರು ಕೊನೆಗೆ ಮಾತಾಡಲಿ. ಮೂರು, ಒಂದಕ್ಕಿಂತ ಹೆಚ್ಚು ಉತ್ತರ ಸರಿಯಿರುವ ಪದಗಳನ್ನು ಶಿಕ್ಷಕರು ಬರೆದಿಟ್ಟು ಪ್ರಶ್ನೆಪತ್ರಿಕೆ ಮಾಡುವವರಿಗೆ ಕಳಿಸಲಿ. ಮೋಡ, ಆಕಾಶ ಎರಡನ್ನೂ ಒಂದೇ ಪ್ರಶ್ನೆಯಲ್ಲಿ ಇಡಬಾರದೆಂದು ಅವರಿಗೂ ಗೊತ್ತಾಗಲಿ. ಇದಕ್ಕೆ ಅನುದಾನ ಬೇಡ, ಆ್ಯಪ್ ಬೇಡ. ಅತಿಥಿ ಶಿಕ್ಷಕರ ಮೇಲೆ ನಡೆಯುವ ಶಾಲೆಯಲ್ಲೂ ಒಂದು ಪಿರಿಯಡ್ ಸಿಗುತ್ತದೆ.

ಆ ಹುಡುಗ ಮರುದಿನವೂ ನಮಗೆ ಸಿಕ್ಕಿದ್ದ. ಆಯಿಯನ್ನು ಕೇಳಿದೆಯಾ ಅಂದೆವು. “ಕೇಳೀನ್ರಿ. ‘ಅಷ್ಟೂ ತಿಳಿವಲ್ದೇನೋ ನಿಮ್ಮ ಸಾಲಿಯವರಿಗಿ’ ಅಂದ್ಳು.” ಮೇಷ್ಟ್ರನ್ನು ಕೇಳಿದೆಯಾ ಅಂದರೆ ಇಲ್ಲ ಅಂದ. ಅದಕ್ಕೆ ಪಿರಿಯಡ್ ಇರಲಿಲ್ಲ.