ಮಳೆ ಬರಲಿಲ್ಲವೋ, ಮಾಪಕ ಕೆಟ್ಟಿತ್ತೋ?

ಸಂಖ್ಯಾಶಾಸ್ತ್ರ ಕಲಿಸುವ ಮೇಷ್ಟ್ರುಗಳದ್ದು ಒಂದು ಖಾಯಂ ದೂರು: ಹುಡುಗರು ‘ಆರ್’ ಎಂಬ ಕಂಪ್ಯೂಟರ್ ಭಾಷೆ ಕಲಿಯುವುದಿಲ್ಲ, ಯಾರೋ ಬರೆದ ಕೋಡಿನ ತುಣುಕು ತಂದು ಅಂಟಿಸುತ್ತಾರೆ. ದೂರು ಸುಳ್ಳಲ್ಲ. ಆದರೆ ನಕಲಿನ ಮೇಲೆ ಇಷ್ಟು ಸಿಟ್ಟು ಬೇಕೇ ಎಂಬುದು ನನ್ನ ಅನುಮಾನ. ರಾಸ್ ಇಹಾಕ, ರಾಬರ್ಟ್ ಜಂಟಲ್‌ಮನ್ ಇಬ್ಬರೂ ಆಕ್ಲೆಂಡ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಆರ್ ಕೂಡ ಬೆಲ್ ಲ್ಯಾಬ್ಸಿನ ‘ಎಸ್’ ಭಾಷೆಯ ಜಾಡು ಹಿಡಿದೇ ಹುಟ್ಟಿದ್ದು. ಗ್ರಾಫ್ ಬಿಡಿಸಲು ಎಲ್ಲರೂ ಬಳಸುವ ಜಿಜಿಪ್ಲಾಟ್2 ತನ್ನ ಹೆಸರಿನ ಎರಡು ‘ಜಿ’ಗಳನ್ನೂ ಲೀಲೆಂಡ್ ವಿಲ್ಕಿನ್ಸನ್ 1999ರಲ್ಲಿ ತಂದ ಪುಸ್ತಕದ ಶೀರ್ಷಿಕೆಯಿಂದ ಪಡೆದಿದೆ. ಹಾಸನದ ಬಿ.ಎಸ್ಸಿ. ಹುಡುಗಿಯೊಬ್ಬಳು ಹತ್ತು ಸಾಲು ಎತ್ತಿಕೊಂಡರೆ ಆಕಾಶವೇನೂ ಕಳಚಿ ಬೀಳದು.

ನನ್ನ ತಕರಾರು ಬೇರೆ ಸಾಲುಗಳ ಮೇಲೆ. ಚಿತ್ರ ಚೊಕ್ಕಟವಾಗಿ ಕಾಣಲಿ ಎಂದು ಕೊನೆಗೆ ಸೇರಿಸುತ್ತೇವಲ್ಲ, ಅವುಗಳ ಮೇಲೆ.

ಉದಾಹರಣೆಗೆ, ಹಾಸನದ ದುದ್ದ ಹೋಬಳಿಯ ಮಳೆಯನ್ನೇ ನೋಡಿ. ಮುಂಗಾರಿನ ಹೊತ್ತಿಗೆ ಈ ಕಡೆ ಆಲೂಗಡ್ಡೆ ಬಿತ್ತನೆ. ಮಳೆ ಕೈಕೊಟ್ಟರೆ ಗಿಡ ಏಳುವುದಿಲ್ಲ. ಮೋಡ ಕವಿದು ಜಿನುಗುತ್ತಲೇ ಇದ್ದರೆ ಅಂಗಮಾರಿ ರೋಗ ಬಿಡುವುದಿಲ್ಲ. ಮಳೆ ಮಾಪಕ ಕೆಟ್ಟ ದಿನ ಅಂಕಿ ಬರಲಿಲ್ಲ ಎನ್ನೋಣ. ಆರ್ ಅದನ್ನು ‘ಎನ್‌ಎ’ ಎಂದು ಹಿಡಿದಿಡುತ್ತದೆ. ತಿಂಗಳ ಮೊತ್ತ ಕೇಳಿದರೂ ಎನ್‌ಎ ಎಂದೇ ಉತ್ತರ. ನನಗೆ ಗೊತ್ತಿಲ್ಲಪ್ಪ ಎನ್ನುವ ಪ್ರಾಮಾಣಿಕ ಉತ್ತರ ಅದು. ಆದರೆ ಗ್ರಾಫಿನಲ್ಲಿ ಕಂಬ ಏಳುವುದಿಲ್ಲವಲ್ಲ! ಅದಕ್ಕೆ ಎಲ್ಲರ ಕೈಯಲ್ಲೂ ಇರುವ ಮದ್ದು ‘ಎನ್‌ಎ ಡಾಟ್ ಆರ್‌ಎಂ ಈಕ್ವಲ್ಸ್ ಟ್ರೂ’. ಇಲ್ಲದ ದಿನ ಬಿಟ್ಟು ಉಳಿದದ್ದನ್ನು ಕೂಡು ಎಂದರ್ಥ. ಹದಿನೈದು ದಿನ ಅಂಕಿ ಇಲ್ಲದಿದ್ದರೆ ಮಳೆ ಕಮ್ಮಿಯಾದಂತೆ ಕಾಣುತ್ತದೆ. ಇಡೀ ತಿಂಗಳು ಇಲ್ಲದಿದ್ದರೆ ಮೊತ್ತ ಸೊನ್ನೆ. ಆರ್ ತಪ್ಪು ಮಾಡಲಿಲ್ಲ, ಏನೂ ಇಲ್ಲದ್ದನ್ನು ಕೂಡಿದರೆ ಸೊನ್ನೆಯೇ. (ಸರಾಸರಿ ಕೇಳಿದ್ದರೆ ‘ಎನ್‌ಎಎನ್’, ಅಂದರೆ ಇದು ಸಂಖ್ಯೆಯೇ ಅಲ್ಲ, ಎಂದಾದರೂ ಗೊಣಗುತ್ತಿತ್ತು.) ರಿಪೇರಿಗೆ ಕಾದಿದ್ದ ಮಾಪಕ ಕಾಗದದ ಮೇಲೆ ಬರಗಾಲ ತಂದಿತು. ಬರ ಘೋಷಣೆಗೂ ಹವಾಮಾನ ಆಧಾರಿತ ಬೆಳೆ ವಿಮೆಗೂ ಮಳೆಯ ಅಂಕಿ ಬೇಕಾದ ಕಾಲದಲ್ಲಿ ಇದನ್ನು ಸಣ್ಣ ವಿಷಯ ಎನ್ನಲಾರೆ.

ದಿನವಹಿ ಅಂಕಿಗಳನ್ನು ಹಾಗೇ ಕೊಟ್ಟರೆ ಜಿಜಿಪ್ಲಾಟ್2 ಪಾಪ, ಇಂತಿಷ್ಟು ಸಾಲು ಕೈಬಿಟ್ಟೆ ಎಂದು ಎಚ್ಚರಿಸುತ್ತದೆ. ವರದಿಯ ನಡುವೆ ಆ ಮಾತು ಅಸಹ್ಯವಾಗಿ ಕಾಣುತ್ತದೆಂದು, ವರದಿ ಬರೆಯುವ ಆರ್ ಮಾರ್ಕ್‌ಡೌನ್‌ನಲ್ಲಿ ‘ವಾರ್ನಿಂಗ್ ಈಕ್ವಲ್ಸ್ ಫಾಲ್ಸ್’ ಹಾಕಿ ಅದರ ಬಾಯಿ ಮುಚ್ಚಿಸುತ್ತೇವೆ.

ಹೀಗೆ ಮುಚ್ಚಿಟ್ಟದ್ದನ್ನು ಕೋಡಿನ ಪಕ್ಕ ಟಿಪ್ಪಣಿಯಲ್ಲಾದರೂ ಬರೆಯಬೇಕು. ಆದರೆ ಒಳ್ಳೆಯ ಕೋಡಿಗೆ ಟಿಪ್ಪಣಿ ಬೇಕಿಲ್ಲ ಎನ್ನುವ ಜಾಣರಿದ್ದಾರೆ. ಅವರ ಮಾತನ್ನು ಅರ್ಧ ಒಪ್ಪುತ್ತೇನೆ. ‘ಇಲ್ಲಿ ಮೊತ್ತ ತೆಗೆದಿದೆ’ ಎಂದು ಬರೆಯುವುದು ವ್ಯರ್ಥ, ಅದು ಕೋಡಿನಲ್ಲೇ ಕಾಣುತ್ತದೆ. ಕಾಣದ್ದು ಬೇರೆ. ನಮ್ಮಲ್ಲಿ ಮಳೆ ಅಳೆಯುವುದು ಬೆಳಿಗ್ಗೆ 8.30ಕ್ಕೆ, ಸೋಮವಾರ ಸಂಜೆ ಸುರಿದದ್ದು ಮಂಗಳವಾರದ ತಾರೀಕಿಗೆ ಬೀಳುತ್ತದೆ. 2.5 ಮಿಲಿಮೀಟರಿಗೆ ಕಮ್ಮಿ ಬಿದ್ದ ದಿನ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನವಲ್ಲ. ಇವನ್ನು ಯಾವ ಕೋಡೂ ತಾನಾಗಿ ಹೇಳದು. ನಮ್ಮ ಸರ್ಕಾರಿ ರಿಜಿಸ್ಟರುಗಳ ತುದಿಯಲ್ಲಿ ‘ಷರಾ’ ಎಂಬ ಕಾಲಂ ಇರುತ್ತದೆ. ಕಂಪ್ಯೂಟರಿಗೆ ಏರಿಸುವಾಗ ಅಂಕಿಯಲ್ಲವೆಂದು ಮೊದಲು ಕಿತ್ತೆಸೆಯುವುದು ಅದನ್ನೇ. ಮಾಪಕ ಕೆಟ್ಟಿತ್ತು ಎಂಬ ಮಾತಿಗೆ ಬೇರೆ ಜಾಗವೇ ಇಲ್ಲ. ಹ್ಯಾಶ್ ಗುರುತು ಹಾಕಿ ಆ ಷರಾವನ್ನು ಕನ್ನಡದಲ್ಲೇ ಬರೆಯಬಹುದು, ಆರ್‌ನ 2022ರ 4.2 ಆವೃತ್ತಿಯಿಂದ, ಈಚಿನ ವಿಂಡೋಸ್‌ನಲ್ಲೂ ಅದು ಯುಟಿಎಫ್-8 ಅಕ್ಷರ ಸಂಕೇತವನ್ನೇ ಬಳಸುವುದರಿಂದ ಅಕ್ಷರ ಚೆಲ್ಲಾಪಿಲ್ಲಿಯಾಗುವ ಕಾಟ ಬಹುಮಟ್ಟಿಗೆ ತಪ್ಪಿದೆ.

ಕೋಡಿಗೆ ಷರಾ ಸಾಕು, ಗ್ರಾಫಿಗೆ ಒಂದು ಸಾಲು ಹೆಚ್ಚು ಬೇಕಾಗುತ್ತದೆ: ‘ಸಮ್’, ಅದರೊಳಗೆ ‘ಈಸ್ ಡಾಟ್ ಎನ್‌ಎ’. ಅಂಕಿ ಇಲ್ಲದ ದಿನಗಳನ್ನು ಅದು ಎಣಿಸಿ ಕೊಡುತ್ತದೆ. ಆ ಸಂಖ್ಯೆಯನ್ನು ಪ್ರತಿ ತಿಂಗಳ ಕಂಬದ ತಲೆಯ ಮೇಲೆ ಬರೆದುಬಿಡಿ. ಚಿತ್ರ ಗಿಜಿಗಿಜಿ ಎನ್ನಿಸೀತು, ಸಭೆಯಲ್ಲಿ ಯಾರಾದರೂ ‘ಇದೇನ್ರೀ, ಜೂನ್ ಮೇಲೆ 19 ಅಂತ ಇದೆ?’ ಎಂದು ಕೇಳಿಯಾರು. ಕೇಳಲಿ.