ಗುಮ್ಮಟ ಇಳಿಸಿದರೆ ಮಸೀದಿ ಚೀನೀಯವಾಗುವುದೇ?

2023ರ ಮೇ ತಿಂಗಳಲ್ಲಿ ಚೀನಾದ ಯುನ್ನಾನ್ ಪ್ರಾಂತದ ನಾಗೂ ಪಟ್ಟಣದಲ್ಲಿ ನಜಿಯಾಯಿಂಗ್ ಮಸೀದಿಯ ಗುಮ್ಮಟ ಕೆಡವಲು ಬಂದವರನ್ನು ಊರಿನವರು ತಡೆದರು. ಪೊಲೀಸರಿಗೂ ಜನರಿಗೂ ಘರ್ಷಣೆಯಾಯಿತು. ಮರುವರ್ಷ ಅದೇ ಪ್ರಾಂತದ ಶಾದಿಯಾನ್ ಮಸೀದಿಯ ಹಸಿರು ಗುಮ್ಮಟ ಹೋಗಿ ಅಲ್ಲಿ ಚೀನೀ ಮಾದರಿಯ ಮಾಡು ಬಂತು. ಸರಕಾರ ಇದನ್ನು ಧರ್ಮದ 'ಚೀನೀಕರಣ' ಎಂದು ಕರೆಯುತ್ತಿದೆ.

ಹಾಗಾದರೆ ಈ ಜನ ಚೀನಾಕ್ಕೆ ಬಂದದ್ದು ಯಾವಾಗ? ಖಲೀಫ ಉಸ್ಮಾನರ ಕಾಲದಲ್ಲಿ, 651ರಲ್ಲಿ, ಅರಬ್ ದೂತರು ತಾಂಗ್ ಅರಸನ ಆಸ್ಥಾನಕ್ಕೆ ಬಂದ ದಾಖಲೆ ಚೀನೀಯರಲ್ಲೇ ಇದೆ. ಪ್ರವಾದಿಯವರ ಸಂಗಡಿಗರಾದ ಸಾದ್ ಇಬ್ನ್ ಅಬಿ ವಕ್ಕಾಸರೇ ಗುವಾಂಗ್‌ಝೌಗೆ ಬಂದಿದ್ದರೆಂಬ ನಂಬಿಕೆಯೂ ಉಂಟು. ಇತಿಹಾಸಕಾರರು ಇದನ್ನು ಒಪ್ಪುವುದಿಲ್ಲ. ಆದರೆ ಇಂತಹ ನಂಬಿಕೆಗಳ ತೂಕ ಕರಾವಳಿಯವರಾದ ನಮಗೆ ಹೇಳಿಕೊಡಬೇಕಾಗಿಲ್ಲ. ಚ್ವಾಂಝೌ ಬಂದರಿನಲ್ಲಿ 1009ರಲ್ಲಿ ಆರಂಭವಾದ ಕಲ್ಲಿನ ಮಸೀದಿಯ ಗೋಡೆಗಳು ಇಂದಿಗೂ ನಿಂತಿವೆ. ಬಳಿಕ ಮಂಗೋಲರು ಮಧ್ಯ ಏಷ್ಯಾದ ಮುಸಲ್ಮಾನರನ್ನು ಅಧಿಕಾರಿಗಳಾಗಿ ಕರೆತಂದರು. ಯುನ್ನಾನಿನಲ್ಲಿ ಇಸ್ಲಾಂ ಬೇರೂರಿದ್ದು ಹೀಗೆ. ನಮ್ಮ ಪಕ್ಕದ ಕಲ್ಲಿಕೋಟೆಗೆ ದೊಡ್ಡ ಹಡಗುಪಡೆಯೊಂದಿಗೆ ಬಂದ ಝೆಂಗ್ ಹೆ ಅದೇ ಯುನ್ನಾನಿನ ಮುಸ್ಲಿಂ ಮನೆತನದವನು!

ಅರಬ್ಬಿ ಮತ್ತು ಪಾರಸಿ ರಕ್ತ ಚೀನೀಯರೊಂದಿಗೆ ಬೆರೆತು ಹುಯಿ ಜನಾಂಗವಾಯಿತು. ಇವರ ಮಾತು ಚೀನೀ, ಉಡುಪು ಚೀನೀ. 2020ರ ಜನಗಣತಿಯಂತೆ ಇವರ ಸಂಖ್ಯೆ ಸುಮಾರು 1 ಕೋಟಿ 14 ಲಕ್ಷ. ಷಿಯಾನ್ ನಗರದ ಮಹಾ ಮಸೀದಿಗೆ ಗುಮ್ಮಟವೇ ಇಲ್ಲ. ಅಂಗಳದಿಂದ ಅಂಗಳಕ್ಕೆ ನಡೆದು, ಬಾಗಿದ ಹೆಂಚಿನ ಮಾಡಿನ ಅಡಿಯಲ್ಲಿ ನಮಾಜು ಮಾಡುತ್ತಾರೆ. ಹೆನಾನ್ ಪ್ರಾಂತದಲ್ಲಿ ಹೆಂಗಸರಿಗೆಂದೇ ಮಸೀದಿಗಳಿವೆ, ಅವನ್ನು ನಡೆಸುವವರೂ ಹೆಂಗಸರೇ. ವಾಂಗ್ ದಾಯಿಯು, ಲ್ಯೂ ಝಿ ಮೊದಲಾದ ವಿದ್ವಾಂಸರು ಕನ್ಫ್ಯೂಷಿಯಸನ ಪರಿಭಾಷೆಯಲ್ಲೇ ಇಸ್ಲಾಂ ವಿವರಿಸಿದರು. ಅದೇ ಕಾಲದ ಆಸುಪಾಸಿನಲ್ಲಿ ಯೇಸುಸಭೆಯ ಗುರು ಮತ್ತೆಯೊ ರಿಚ್ಚಿಯವರೂ ಇದೇ ದಾರಿ ಹಿಡಿದಿದ್ದರು. ನಮ್ಮಲ್ಲಿ ಆ ದಾರಿಗೆ 1742ರಲ್ಲಿ ರೋಮ್ ತಡೆ ಹಾಕಿತು, 1939ರಲ್ಲಷ್ಟೇ ಸಡಿಲಿಸಿತು. ಹುಯಿ ವಿದ್ವಾಂಸರಿಗೆ ತಡೆಯಲು ರೋಮ್ ಇರಲಿಲ್ಲ.

ಆದುದರಿಂದ 'ಚೀನೀಕರಣ'ವೆಂಬ ಮಾತು ನಮಗೆ ವಿಚಿತ್ರವೆನಿಸುತ್ತದೆ. ಅರಬ್ ಮಾದರಿಯ ಗುಮ್ಮಟಗಳಲ್ಲಿ ಹೆಚ್ಚಿನವು 1980ರ ಅನಂತರದವು, ಹಜ್ ಯಾತ್ರೆ ಮತ್ತು ಹೊಸ ಹಣ ತಂದವು ಎಂಬುದು ನಿಜ. ಆದರೆ ಷಿಯಾನಿನ ಹೆಂಚಿನ ಮಾಡನ್ನು ಯಾರೂ ಬುಲ್ಡೋಜರ್ ತಂದು ಕಟ್ಟಿಸಿದ್ದಲ್ಲ.

ಶಾದಿಯಾನಿಗೆ ಇನ್ನೊಂದು ನೆನಪೂ ಇದೆ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಮುಚ್ಚಿದ್ದ ಮಸೀದಿಯನ್ನು ತೆರೆಯಬೇಕೆಂದು ಹಟ ಹಿಡಿದ ಆ ಊರಿನ ಮೇಲೆ 1975ರಲ್ಲಿ ಸೈನ್ಯ ನುಗ್ಗಿ, ಸಾವಿರಕ್ಕೂ ಮಿಕ್ಕಿ ಜನ ಸತ್ತರು. 1979ರಲ್ಲಿ ಪಕ್ಷವೇ ತಪ್ಪಾಯಿತೆಂದು ಒಪ್ಪಿಕೊಂಡಿತು. ಗುಮ್ಮಟ ಇಳಿಸಿದ್ದು ಇಂತಹ ಊರಿನಲ್ಲಿ.

ಶಿಂಜಿಯಾಂಗಿನ ಉಯಿಗುರರ ಕಥೆ ಬೇರೆ. ಅವರು ತುರ್ಕಿ ಮೂಲದ ಭಾಷೆಯವರು, ಅವರ ಕಷ್ಟವೂ ಹೆಚ್ಚು ಘೋರ. ಅಲ್ಲಿನ ಬಂಧನಗಳು ಮಾನವತೆಯ ವಿರುದ್ಧದ ಅಪರಾಧಗಳಾಗಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 2022ರ ಆಗಸ್ಟ್‌ನಲ್ಲಿ ಹೇಳಿತು. ಚೀನಾ ಇದನ್ನು ತಳ್ಳಿಹಾಕಿದೆ.

ಕಥೋಲಿಕರ ಮೇಲೂ ಚೀನೀಕರಣದ ಒತ್ತಡವಿದೆ. ಆದರೆ ಬಿಷಪರ ನೇಮಕದ ಬಗ್ಗೆ 2018ರಲ್ಲಿ ವ್ಯಾಟಿಕನ್ ಬೀಜಿಂಗಿನೊಂದಿಗೆ ಒಪ್ಪಂದ ಮಾಡಿಕೊಂಡಿತು, 2024ರಲ್ಲಿ ಅದನ್ನು ಮತ್ತೆ 4 ವರ್ಷ ಮುಂದುವರಿಸಿತು. ಒಳ್ಳೆಯದೋ ಕೆಟ್ಟದೋ, ಮಾತಾಡಲು ಒಬ್ಬರಿದ್ದಾರೆ. ಮುಸಲ್ಮಾನರ ಪರ ಮಾತಾಡುವವರು ಯಾರು? ಆ ವರದಿಯನ್ನು ಚರ್ಚೆಗೆ ತೆಗೆದುಕೊಳ್ಳಬೇಕೇ ಎಂದು 2022ರ ಅಕ್ಟೋಬರ್‌ನಲ್ಲಿ ಮಾನವ ಹಕ್ಕು ಮಂಡಳಿಯಲ್ಲಿ ಮತ ಕೇಳಿದಾಗ 17 ದೇಶಗಳು ಬೇಕು, 19 ದೇಶಗಳು ಬೇಡ ಎಂದವು. ಬೇಡವೆಂದವುಗಳಲ್ಲಿ ಪಾಕಿಸ್ತಾನ, ಇಂಡೋನೇಷ್ಯಾ, ಕತಾರ್ ಇದ್ದವು. ನಮ್ಮ ಭಾರತ ಯಾರಿಗೂ ಮತ ಹಾಕಲಿಲ್ಲ.