ಸಾಕಿದ ಮೀನೂ ಹೊಳೆಯ ಮೀನೂ

ಮಿಡಿಗೇಶಿಯ ಸೀಮೆಯಲ್ಲಿ ಕೆರೆ ತುಂಬುವುದು ಪ್ರತಿವರ್ಷದ ಮಾತಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳೂ ಮುಗಿಲನ್ನು ನೋಡುತ್ತ ಬಾಳುವ ನಾಡು. ಆದುದರಿಂದ ಕೆರೆಯು ತುಂಬಿ ಕೋಡಿ ಹರಿಯಿತೆಂದರೆ ಹೆಂಗಸರು ಗಂಗಮ್ಮನಿಗೆ ಪೂಜೆ ಸಲ್ಲಿಸುವರು. ಮಕ್ಕಳು ಕೋಡಿಯ ಕೆಳಗೆ ಮೀನು ನೋಡಲು ಓಡುವರು. ತುಂಬಿದ ಕೆರೆಗೆ ಮೀನುಮರಿಗಳನ್ನು ತಂದು ಬಿಡುವುದೂ ಉಂಟು. ನೀರಿಗೆ ಮೀನು ಬಿಡುವುದು ಒಳ್ಳೆಯ ಕೆಲಸವೇ ಸರಿ, ಇದರಲ್ಲಿ ವಿಚಾರ ಮಾಡತಕ್ಕದ್ದೇನಿದೆ ಎಂದು ವಾಚಕರಿಗೆ ತೋರಬಹುದು. ವಿಚಾರ ಮಾಡತಕ್ಕ ಸಂಗತಿ ಉಂಟು. ಅದನ್ನೇ ಈ ತಿಂಗಳು ಅವರ ಮುಂದಿಡುತ್ತೇವೆ.

ನಮ್ಮ ಕೆರೆಗಳಿಗೆ ಬಿಡುವ ಕಾಟ್ಲಾ, ರೋಹು, ಮೃಗಾಲ್ ಎಂಬ ಮೂರು ಬಗೆಯ ಮೀನುಗಳು ಮೂಲತಃ ಗಂಗೆಯೇ ಮೊದಲಾದ ಉತ್ತರದೇಶದ ಮಹಾನದಿಗಳವು. ಅವು ಮಳೆಗಾಲದ ಹರಿಯುವ ನೀರಿನಲ್ಲಿ ಮೊಟ್ಟೆಯಿಡುವುವು. ನಿಂತ ನೀರಿನಲ್ಲಿ ಸಾಮಾನ್ಯವಾಗಿ ಇಡಲಾರವು. ಹಿಂದೆ ನದಿಯಿಂದಲೇ ಮರಿಗಳನ್ನು ಸೋಸಿ ತರಬೇಕಾಗಿದ್ದಿತು. 1957ನೆಯ ಜುಲೈ 10ರಂದು ಒಡಿಶಾದಲ್ಲಿ ಡಾಕ್ಟರ್ ಹೀರಾಲಾಲ್ ಚೌಧುರಿಯವರು, ಮೀನಿನ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ತಾಯಿಮೀನಿಗೆ ಚುಚ್ಚಿ, ಕೊಳದಲ್ಲಿಯೇ ಮೊಟ್ಟೆಯಿಡಿಸುವುದರಲ್ಲಿ ಸಫಲರಾದರು. ಅದರಿಂದ ಮೀನುಮರಿ ಕೇಂದ್ರಗಳು ಬೆಳೆದುವು. ಬರದ ನಾಡಿನ ಕೆರೆಯೂ ಕೆಲವು ತಿಂಗಳಲ್ಲಿ ಊರಿಗೆ ಆಹಾರವನ್ನೂ ಬೆಸ್ತರಿಗೆ ಸಂಪಾದನೆಯನ್ನೂ ಕೊಡುವಂತಾಯಿತು. ಈ ಉಪಕಾರವನ್ನು ಅಲ್ಲಗಳೆಯುವವರು ಯಾರೂ ಇಲ್ಲ.

ಆದರೆ ಕೆರೆಯು ಮುಚ್ಚಿದ ಪಾತ್ರೆಯಲ್ಲ. ಅದಕ್ಕೆ ಕೋಡಿಯುಂಟು, ಕೋಡಿಗೆ ಹಳ್ಳವುಂಟು, ಹಳ್ಳಕ್ಕೆ ಹೊಳೆಯುಂಟು. ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿಯು ಕೊರಟಗೆರೆ, ಮಧುಗಿರಿ ತಾಲ್ಲೂಕುಗಳಲ್ಲಿ ಹರಿದು ಉತ್ತರ ಪಿನಾಕಿನಿಯನ್ನು ಸೇರುವುದು. ಅದಕ್ಕೆ ನೀರು ಕೊಡುವ ಕೆರೆಯು ಕೋಡಿ ಬಿದ್ದಾಗ, ಅಲ್ಲಿ ಬಿಟ್ಟ ಮೀನು ಅಲ್ಲಿಯೇ ನಿಲ್ಲುವುದೆಂಬ ಭರವಸೆಯಿಲ್ಲ. ಕೆಳಗಿನ ಹಳ್ಳದ ಮಡುಗಳಲ್ಲಾದರೋ ಪಕ್ಕೆ, ಕೊರಮೀನು, ಚೇಳುಮೀನು ಮೊದಲಾದ ಹಳೆಯ ಒಕ್ಕಲುಗಳು ಇರುವುವು. ಇವು ಬೇಸಗೆಯಲ್ಲಿ ಉಳಿದ ಒಂದಿಷ್ಟು ನೀರಿನಲ್ಲಿ ಜೀವ ಹಿಡಿದು, ಮೊದಲ ಮಳೆಗೆ ನೀರಿಗೆದುರಾಗಿ ಹತ್ತಿ ವಂಶವನ್ನು ಬೆಳೆಸುವುವು. ಕೊರಮೀನಂತೂ ತನ್ನ ಮರಿಗಳ ಹಿಂಡನ್ನು ಕಾಯುತ್ತ ಈಜುವುದನ್ನು ಹಳ್ಳಿಯ ಮಕ್ಕಳೆಲ್ಲರೂ ಬಲ್ಲರು.

ಇಕ್ಕಟ್ಟಾದ ಇಂಥ ಮಡುವಿಗೆ ಸಾಕಿದ ಮೀನಿನ ದಂಡು ಬಂದರೆ ಮೊದಲು ಆಗುವುದು ಆಹಾರದ ಮತ್ತು ಎಡೆಯ ಪೈಪೋಟಿ. ಎರಡನೆಯದು ನೆಲೆಯ ಕೇಡು. 1939ರಲ್ಲಿ ಸಿಂಹಳದಿಂದ ನೀಲಗಿರಿಗೆ ಬಂದು, ಆಮೇಲೆ ದೇಶದಲ್ಲೆಲ್ಲ ಹರಡಿದ ಸಾಮಾನ್ಯ ಗೆಂಡೆಯು ತಳದ ಕೆಸರನ್ನು ಕೆದಕಿ ತಿನ್ನುವುದು. ನೀರು ಕದಡುವುದು, ಜೊಂಡು ಪಾಚಿಗಳ ಬೇರು ಕೀಳುವುದು, ಅವುಗಳ ಮರೆಯಲ್ಲಿದ್ದ ಸಣ್ಣಮೀನಿನ ಮೊಟ್ಟೆಮರಿಗಳಿಗೆ ಆಸರೆ ತಪ್ಪುವುದು. ಇದು ನಿಂತ ನೀರಿನಲ್ಲಿಯೂ ಮೊಟ್ಟೆಯಿಡಬಲ್ಲುದಾದುದರಿಂದ ಒಮ್ಮೆ ನೆಲೆಯೂರಿದರೆ ಬಿಟ್ಟುಹೋಗದು. ಮೀನುಸಾಕಣೆಯ ಪುಸ್ತಕಗಳಲ್ಲಿ ನಾಡಿನ ಸಣ್ಣಮೀನುಗಳಿಗೆ ಕಳೆಮೀನು ಎಂಬ ಹೆಸರಿದೆ. ಮುಳ್ಳುಸಹಿತವಾಗಿ ತಿನ್ನುವ ಈ ಕಳೆಮೀನಿನಿಂದಲೇ ಬಡವರ ಮಕ್ಕಳಿಗೆ ಎಲುಬನ್ನು ಬಲಪಡಿಸುವ ಸುಣ್ಣದ ಅಂಶವು ದೊರೆಯುವುದೆಂಬುದನ್ನು ಗೃಹಿಣಿಯರು ನೆನೆಯಬೇಕು.

ಹೊರಗಿನ ಜಾತಿಯನ್ನು ಬಿಡದೆ, ಹೊಳೆಯ ಜಾತಿಯನ್ನೇ ಸಾಕಿ ಬಿಟ್ಟರೆ ದೋಷವಿಲ್ಲವಲ್ಲ ಎಂದು ಕೇಳಬಹುದು. ತೊಟ್ಟಿಯಲ್ಲಿ ಬೆಳೆದ ಮರಿಗೆ ಹೊತ್ತುಹೊತ್ತಿಗೆ ಆಹಾರವುಂಟು, ಶತ್ರುವಿನ ಭಯವಿಲ್ಲ. ಹೊಳೆಯಲ್ಲಿ ಸಾಯತಕ್ಕ ದುರ್ಬಲವಾದುದೂ ಅಲ್ಲಿ ಬದುಕಿ ತಾಯಿಯಾಗುವುದು. ಅಮೆರಿಕದ ಆರೆಗಾನ್ ಸಂಸ್ಥಾನದ ಹುಡ್ ನದಿಯಲ್ಲಿ ಸ್ಟೀಲ್‌ಹೆಡ್ ಎಂಬ ಮೀನನ್ನು ಕುರಿತು ನಡೆದ ಶೋಧನೆಯು 2007ರಲ್ಲಿ ಪ್ರಕಟವಾಯಿತು. ಸಾಕಣೆಯಲ್ಲಿ ಕಳೆದ ಒಂದೊಂದು ತಲೆಮಾರಿಗೂ, ಹೊಳೆಯಲ್ಲಿ ಸಂತತಿ ಬೆಳೆಸುವ ಶಕ್ತಿಯು ನೂರಕ್ಕೆ ಸುಮಾರು 40ರಂತೆ ಕುಂದುವುದೆಂದು ಅದರಿಂದ ಕಂಡುಬಂದಿತು. ಇಂಥ ಮೀನು ಹೊಳೆಯ ಮೀನಿನೊಡನೆ ಕೂಡಿದರೆ ಆ ಕುಂದು ಅದರ ಸಂತಾನಕ್ಕೂ ಹಂಚಿಹೋಗುವುದು.

ನಮ್ಮ ಕಾವೇರಿಯಲ್ಲಿ ನಡೆದುದು ಇದಕ್ಕಿಂತಲೂ ಶೋಚನೀಯವಾದುದು. ಮಹಶೀರ್ ಎಂಬ ದೊಡ್ಡ ಹುರುಪೆಯ ಮೀನನ್ನು ವಾಚಕರು ಶೃಂಗೇರಿಯ ತುಂಗೆಯಲ್ಲಿ ನೋಡಿರಬಹುದು. ಕಾವೇರಿಗೇ ಮೀಸಲಾದ ಒಂದು ಮಹಶೀರ್ ಉಂಟು. ಅದರ ಬೆನ್ನಿಗೆ ಗೂನು, ಈಜುರೆಕ್ಕೆಗೆ ಕಿತ್ತಳೆಯ ಬಣ್ಣ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ಮಹಶೀರ್ ಕ್ಷೀಣಿಸುತ್ತಿರುವುದನ್ನು ಕಂಡು, ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯವರು 1970ರ ದಶಕದಲ್ಲಿ ನೀಲಿರೆಕ್ಕೆಯ ಮಹಶೀರಿನ ಮರಿಗಳನ್ನು ಬೆಳೆಸತೊಡಗಿದರು. ಆ ಮರಿಗಳನ್ನು ಕಾವೇರಿಗೂ ತಂದು ಬಿಡಲಾಯಿತು. ಉದ್ದೇಶವೇನೋ ಒಳ್ಳೆಯದೇ.

ಗಾಳಿಬೋರೆಯಲ್ಲಿ ಗಾಳ ಹಾಕಿ ಹಿಡಿದು ಮರಳಿ ಬಿಡುತ್ತಿದ್ದವರ 1998ರಿಂದ 2012ರವರೆಗಿನ ಲೆಕ್ಕಗಳನ್ನು ವಿದ್ವಾಂಸರು ಪರಿಶೀಲಿಸಿದರು. ನೀಲಿರೆಕ್ಕೆಯ ಮೀನು ಹೆಚ್ಚುತ್ತ ಬಂದಿದ್ದಿತು. ಗೂನುಬೆನ್ನಿನದು ವಿರಳವಾಗುತ್ತ ಬಂದಿದ್ದಿತು. ಆದರೆ ಸಿಕ್ಕಿದ ಒಂದೊಂದರ ತೂಕವು ಏರುತ್ತಿದ್ದಿತು. ಇದನ್ನು ಕೇಳಿ ಸಂತೋಷಪಡುವಂತಿಲ್ಲ. ಮುದುಕರಷ್ಟೇ ಉಳಿದು ತೊಟ್ಟಿಲು ತೂಗದ ಮನೆಯ ಸ್ಥಿತಿ ಅದು. ಅಣೆಕಟ್ಟು, ಮರಳು ತೆಗೆಯುವುದು, ಸಿಡಿಮದ್ದಿನ ಬೇಟೆ ಇವುಗಳ ಪಾಲೂ ಇದರಲ್ಲಿ ಉಂಟು. ಆದರೆ ತಂದು ಬಿಟ್ಟ ದಾಯಾದಿಯ ಪಾಲು ಚಿಕ್ಕದಲ್ಲವೆಂದು ಅವರ ಅಭಿಪ್ರಾಯ. ಈ ಗೂನುಬೆನ್ನಿನ ಮೀನಿಗೆ ಟಾರ್ ರೆಮಾದೇವಿ ಎಂಬ ಶಾಸ್ತ್ರೀಯ ನಾಮವು ಸಲ್ಲುವುದೆಂದು ನಿಶ್ಚಯವಾದುದೇ 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನೂ ಸೇರಿತು. ಮನೆಯ ಮಗುವಿಗೆ ಹೆಸರಿಡುವ ಮೊದಲೇ ಅದರ ತಟ್ಟೆಯನ್ನು ಬಂದವರ ಮುಂದಿಟ್ಟಂತಾಯಿತು.

ಹಾಗಾದರೆ ಮೀನು ಸಾಕಬಾರದೆಂದು ನಮ್ಮ ಮತವೇ? ಅಲ್ಲ. ಊರಿನ ಆಹಾರಕ್ಕಾಗಿ ಕೆರೆಯಲ್ಲಿ ಸಾಕುವುದು ಬೇರೆ, ಹೊಳೆಯ ಮೀನನ್ನು ಉಳಿಸುವುದು ಬೇರೆ. ಎರಡನ್ನೂ ಒಂದೆಂದು ಎಣಿಸಬಾರದು. ಮರಿ ಬಿಟ್ಟ ಕೆರೆಯ ಕೋಡಿಗೆ ಜಾಲರಿ ಕಟ್ಟಬೇಕು. ಜಾಲರಿಗೆ ಕಸ ಕಟ್ಟಿಕೊಂಡು ನೀರು ನಿಂತರೆ ಏರಿಗೇ ಅಪಾಯವಾದುದರಿಂದ ಅದನ್ನು ಆಗಾಗ ಬಿಡಿಸುತ್ತಿರಬೇಕು. ದೊಡ್ಡ ನೆರೆಗೆ ಜಾಲರಿಯೂ ನಿಲ್ಲದು. ಆದುದರಿಂದ ಕೋಡಿಯ ನೀರು ಜೀವಂತ ಹಳ್ಳಕ್ಕೆ ಇಳಿಯುವ ಕೆರೆಗೆ ಗೆಂಡೆಯನ್ನು ಬಿಡದಿರುವುದೇ ಲೇಸು. ಸರಕಾರವು ನಿಷೇಧಿಸಿರುವ ಆಫ್ರಿಕದ ಕ್ಯಾಟ್‌ಫಿಷನ್ನು ಎಲ್ಲಿಯೂ ಬಿಡಲಾಗದು. ಮನೆಯ ಗಾಜಿನ ತೊಟ್ಟಿಯ ಮೀನು ಬೇಡವಾದರೆ ಮಕ್ಕಳು ಅದನ್ನು ಕೆರೆಬಾವಿಗಳಿಗೆ ಸುರಿಯದಂತೆ ತಾಯಂದಿರು ನೋಡಿಕೊಳ್ಳಬೇಕು. ಮೊದಲ ಮಳೆಗೆ ಹಳ್ಳ ಹತ್ತುವ ಬಸಿರುಮೀನನ್ನು ಕೆಲವು ದಿನ ಹಿಡಿಯದೆ ಬಿಟ್ಟರೆ, ಯಾವ ಕೇಂದ್ರದಿಂದಲೂ ಮರಿ ತರದೆ ಹಳ್ಳವು ತಾನಾಗಿಯೇ ತುಂಬುವುದು.

ಎಲ್ಲಿಯಾದರೂ ಹೊಳೆಯ ಮೀನು ಕಡಮೆಯಾಯಿತೆಂದು ಕೇಳಿದಾಗ, ಎಷ್ಟು ಸಾವಿರ ಮರಿ ಬಿಡೋಣವೆಂದು ಕೇಳುವ ಮುನ್ನ, ಅದು ಏಕೆ ಕಡಮೆಯಾಯಿತೆಂದು ಕೇಳುವುದು ವಿವೇಕ. ಆ ಕಾರಣವು ನೀರಿನಲ್ಲಿಯೇ ಉಳಿದಿದ್ದರೆ ಬಿಟ್ಟ ಮರಿಗೂ ಅದೇ ಗತಿ.